ನೊರೆ ಬಂದ ನೀರು

ನಾನು ಕಿಟಕಿ ತೊಳೆಯುವವಳು. ನಮ್ಮ ಮನೆಯ ಕಿಟಕಿಯಲ್ಲ, ಊರ ಮಂದಿಯ ಕಿಟಕಿ. ಶಾಲೆ, ಹಾಸ್ಟೆಲು, ಬ್ಯಾಂಕು, ಮುಂಭಾಗಕ್ಕೆಲ್ಲ ಗಾಜು ಹಾಕಿಸಿಕೊಂಡ ಬಟ್ಟೆ ಅಂಗಡಿ, ಇಂಥವು. ಕುಂದಗೋಳ, ಸಂಶಿ, ಅಣ್ಣಿಗೇರಿ ಕಡೆ ಈಚೆಗೆ ಎತ್ತರದ ಕಟ್ಟಡಗಳು ಎದ್ದಿವೆ. ಬೇಸಿಗೆಯಲ್ಲಿ ಕರಿ ಮಣ್ಣಿನ ಎರಿ ಹೊಲದ ಧೂಳು ಅವುಗಳ ಗಾಜಿನ ಮೇಲೆ ಕೂರುತ್ತದೆ, ಮಳೆಗಾಲದಲ್ಲಿ ಅದೇ ಧೂಳು ಕೆಸರಾಗಿ ಗೆರೆಗೆರೆಯಾಗಿ ಇಳಿಯುತ್ತದೆ. ಏಣಿ ಹತ್ತಿ ಅದನ್ನು ಒರೆಸುವವರು ಯಾರೂ ಇರಲಿಲ್ಲ.

ಈ ಕೆಲಸ ಕಲಿತದ್ದು ಹುಬ್ಬಳ್ಳಿಯ ಒಂದು ದೊಡ್ಡ ಆಸ್ಪತ್ರೆಯಲ್ಲಿ. ಅಲ್ಲಿ ಸ್ವಚ್ಛತೆಯ ಗುತ್ತಿಗೆ ಹಿಡಿದವರ ಕೈಕೆಳಗೆ ಕೆಲವು ವರ್ಷ ದುಡಿದೆ. ಶಾಲೆಯ ಚೀಲದ ಹಾಗೆ ಬೆನ್ನಿಗೆ ಹಾಕಿಕೊಳ್ಳುವ ನೀರಿನ ಟ್ಯಾಂಕು, ಅದರ ತಳದಲ್ಲಿ ಸಣ್ಣ ಮೋಟರು ಮತ್ತು ಬ್ಯಾಟರಿ. ಟ್ಯಾಂಕಿನಿಂದ ಒಂದು ತೆಳ್ಳನೆಯ ಪೈಪು ಉದ್ದನೆಯ ಕೋಲಿನ ತುದಿಯ ಬ್ರಷ್ಷಿಗೆ ಹೋಗುತ್ತದೆ. ಕೋಲನ್ನು ಒಂದರೊಳಗಿಂದ ಒಂದು ಎಳೆದು ಉದ್ದ ಮಾಡಬಹುದು. ಗುಂಡಿ ಒತ್ತಿದರೆ ಬ್ರಷ್ಷಿನಿಂದ ನೀರು ಚಿಮ್ಮುತ್ತದೆ. ನೆಲದ ಮೇಲೆ ನಿಂತೇ ಮೂರನೆಯ ಅಂತಸ್ತಿನ ಕಿಟಕಿ ತೊಳೆಯಬಹುದು, ಸೀರೆ ಉಟ್ಟವಳು ಏಣಿ ಹತ್ತಬೇಕಾಗಿಲ್ಲ. ಗುತ್ತಿಗೆದಾರರು ಹೊಸ ಯಂತ್ರ ತರಿಸಿದಾಗ ಹಳೆಯದನ್ನು ನಾನು ಕೇಳಿ ತೆಗೆದುಕೊಂಡೆ. ಯರಗುಪ್ಪಿಗೆ ತಂದು ಸ್ವಂತ ಕೆಲಸ ಶುರುಮಾಡಿದೆ.

ನೀರಿನದೇ ಒಂದು ದೊಡ್ಡ ಚಿಂತೆಯಾಗಿತ್ತು. ನಮ್ಮ ಕಡೆಯ ಬೋರಿನ ನೀರು ಸವುಳು. ಅದರಲ್ಲಿ ತೊಳೆದರೆ ಗಾಜು ಒಣಗಿದ ಮೇಲೆ ಸುಣ್ಣ ಸಿಡಿಸಿದ ಹಾಗೆ ಬಿಳಿ ಚುಕ್ಕೆ ಬೀಳುತ್ತದೆ. ಹಾಗಾಗಿ ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ಕ್ಯಾನು ತುಂಬಿಸಿಕೊಂಡು ಹೋಗುತ್ತೇನೆ. ಆ ನೀರಾದರೆ ಸೋಪು ಬೇಡ, ಬಟ್ಟೆಯಿಂದ ಒರೆಸುವುದೂ ಬೇಡ. ತೊಳೆದು ಬಿಟ್ಟರೆ ಗಾಜು ತಾನೇ ಸ್ವಚ್ಛವಾಗಿ ಒಣಗುತ್ತದೆ.

ನಾನು ಮೊದಲಿನಿಂದಲೂ ಅಂಜುವ ಸ್ವಭಾವದವಳು. ಕೋಲು ಎತ್ತುವ ಮೊದಲು ಮೇಲೆ ಕರೆಂಟಿನ ತಂತಿ ಹಾದುಹೋಗಿದೆಯೇ ಎಂದು ನೋಡುತ್ತೇನೆ, ಸ್ವಲ್ಪ ತೊಳೆದು ಮತ್ತೊಮ್ಮೆ ನೋಡುತ್ತೇನೆ. ಸಜ್ಜೆಯ ಕೆಳಗೆ ಹೆಜ್ಜೇನು ಕಟ್ಟಿದೆಯೇ, ಗಾಜು ಸಡಿಲವಾಗಿದೆಯೇ, ಕೆಳಗೆ ಯಾರಾದರೂ ಹಾಯ್ದು ಬರುತ್ತಿದ್ದಾರೆಯೇ ಎಂದು ನೋಡುತ್ತೇನೆ. ಟ್ಯಾಂಕು ತುಂಬಿದ್ದಾಗ ತುಂಬಿದ ಕೊಡ ಹೊತ್ತಷ್ಟು ಭಾರ. ಒಳಗಿನ ನೀರು ತುಳುಕಿ ಮೈಯನ್ನು ಒಂದು ಬಾಜುವಿಗೆ ಎಳೆಯುತ್ತದೆ. ಎರಿ ಮಣ್ಣಿನ ಅಂಗಳ ಒದ್ದೆಯಾಗಿದ್ದರೆ ಕಾಲು ಎಲ್ಲಿ ಜಾರೀತೋ ಎಂದು ಒಂದೊಂದೇ ಹೆಜ್ಜೆ ಇಡುತ್ತೇನೆ.

ಆದರೆ ಬೆನ್ನಿನ ಮೇಲಿದ್ದ ನೀರಿನ ಬಗ್ಗೆ ಎಂದೂ ಹೆದರಿರಲಿಲ್ಲ. ಅದು ಕುಡಿಯುವ ನೀರು.

ಟ್ಯಾಂಕು ನೋಡಲು ಹೊಲಕ್ಕೆ ಔಷಧಿ ಹೊಡೆಯುವ ಪಂಪಿನ ಹಾಗೆಯೇ ಇತ್ತು. ಅದೇ ನೀಲಿ ಬಣ್ಣ, ಅದೇ ಪಟ್ಟಿಗಳು. ನಮ್ಮಲ್ಲಿ ಕೀಟನಾಶಕಕ್ಕೆ ‘ಎಣ್ಣಿ’ ಅನ್ನುತ್ತಾರೆ. ನಾನು ಅದನ್ನು ಹೊತ್ತು ಬಸ್ ನಿಲ್ದಾಣದ ಕಡೆ ನಡೆದರೆ ಕಟ್ಟೆಯ ಮೇಲೆ ಕೂತ ಅಜ್ಜಂದಿರು, “ಏನಬೇ, ಎಣ್ಣಿ ಹೊಡ್ಯಾಕ ಯಾರ ಹೊಲಕ್ಕ ಹೊಂಟಿ?” ಎಂದು ಕೇಳುತ್ತಿದ್ದರು. ನಾನು ನಕ್ಕು ಮುಂದೆ ಹೋಗುತ್ತಿದ್ದೆ.

ಅದು ಶ್ರಾವಣದ ಒಂದು ಸೋಮವಾರ. ಹಿಂದಿನ ದಿನ ನಾನು ನವಲಗುಂದಕ್ಕೆ ಬಸುರಿ ತಂಗಿಯ ಕುಬಸಕ್ಕೆ ಹೋಗಿದ್ದೆ, ಸಂಜೆಗೆ ಮನೆಗೆ ಬಂದಿದ್ದೆ. ಟ್ಯಾಂಕು ಪಡಸಾಲೆಯ ಮೂಲೆಯಲ್ಲಿ ಇದ್ದ ಜಾಗದಲ್ಲೇ ಇತ್ತು. ಬೆಳಿಗ್ಗೆ ನಮ್ಮ ಯಜಮಾನರು ತಮ್ಮ ಸಾಮಾನು ಸಾಗಿಸುವ ಗಾಡಿಯಲ್ಲಿ ನನ್ನನ್ನೂ ನೀರಿನ ಕ್ಯಾನುಗಳನ್ನೂ ಒಂದು ಹೆಣ್ಣುಮಕ್ಕಳ ಹಾಸ್ಟೆಲಿನ ಮುಂದೆ ಇಳಿಸಿ ಸಂಶಿಗೆ ಬಾಡಿಗೆ ಹೊಡೆಯಲು ಹೋದರು. ಹಾಸ್ಟೆಲು ಊರ ಹೊರಗೆ ಹತ್ತಿ ಹೊಲಗಳ ನಡುವೆ ಇತ್ತು. ಎರಡಂತಸ್ತು, ಹಿಂದೆ ಅಡುಗೆಮನೆ. ಹುಡುಗಿಯರು ಪಕ್ಕದ ಶಾಲೆಗೆ ಹೋಗಿದ್ದರು, ಮಧ್ಯಾಹ್ನದ ಊಟಕ್ಕೆ ಬರುತ್ತಿದ್ದರು.

ಹಿಂದಿನ ಬಾಜುವಿನಿಂದ ಶುರುಮಾಡೋಣ ಎಂದುಕೊಂಡೆ. ಅಡುಗೆಮನೆಯ ಕಿಟಕಿಗಳ ಕೆಳಗೆ ತೊಳೆದ ತಾಟುಗಳನ್ನು ಒಣಗಲು ಇಟ್ಟಿದ್ದರು, ಬಾಜುವಿಗೆ ಒಂದು ದೊಡ್ಡ ನೀರಿನ ಡ್ರಮ್ಮು. ಅಡುಗೆಯ ಅಕ್ಕನಿಗೆ ಎಲ್ಲ ತೆಗೆಯಲು ಹೇಳಿದೆ. ಅವರು ನನಗಿಂತ ಸಾಕಷ್ಟು ಹಿರಿಯರು, ದೊಡ್ಡ ಮೈಯವರು, ಗಟ್ಟಿ ದನಿ. ತಾಟುಗಳನ್ನು ಒಳಗೆ ಒಯ್ದರು.

“ಡ್ರಮ್ಮ ನನ್ನ ಕೈಲೆ ಸರಿಯೂದಿಲ್ಲ ತಂಗಿ. ಪಂಜಾ ಮುಚ್ಚತೇನಿ ಬಿಡು,” ಎಂದು ಡ್ರಮ್ಮಿನ ಬಾಯಿಗೆ ಮೈ ಒರೆಸುವ ಒಂದು ಹತ್ತಿಯ ಪಂಜವನ್ನು ಹೊದಿಸಿದರು.

ನನಗೆ ಸರಿ ಅನ್ನಿಸಲಿಲ್ಲ. ಆದರೆ ಬೀಳುವುದು ಕುಡಿಯುವ ನೀರೇ ಅಲ್ಲವೇ ಎಂದು ಸುಮ್ಮನಾದೆ. ಟ್ಯಾಂಕು ತುಂಬಿಸಿ ಬೆನ್ನಿಗೇರಿಸಿ, ಕೋಲು ಎಳೆದು, ಮೇಲಿನ ಅಂತಸ್ತಿನ ಕಿಟಕಿಗಳಿಂದ ತೊಳೆಯಲು ಹಿಡಿದೆ. ಒಳಗಿನಿಂದ ಸಾರಿನ ಒಗ್ಗರಣೆಯ ಘಾಟು ಬರುತ್ತಿತ್ತು. ಗಾಳಿ ಇತ್ತು. ನೀರು ಸಣ್ಣ ತುಂತುರಾಗಿ ನನ್ನ ಮುಖಕ್ಕೂ ಸಿಡಿಯುತ್ತಿತ್ತು.

ಕೆಳಗಿನ ಕಿಟಕಿಗಳಿಗೆ ಬಂದಾಗ ಬ್ರಷ್ಷು ಕಣ್ಣಿನ ಮಟ್ಟಕ್ಕೆ ಬಂತು. ಆಗ ನೋಡಿದೆ. ಬ್ರಷ್ಷಿನ ಕೂದಲುಗಳ ನಡುವೆ ನೊರೆ ಇತ್ತು.

ಧೂಳು ಹೆಚ್ಚಿದ್ದರೆ ಬುರುಗು ಬರುತ್ತದೆ ಎಂದು ಮೊದಲು ಸಮಾಧಾನ ಮಾಡಿಕೊಂಡೆ. ಬ್ರಷ್ಷನ್ನು ಗಾಜಿನಿಂದ ದೂರ ಹಿಡಿದು ಗುಂಡಿ ಒತ್ತಿದೆ. ಶುದ್ಧ ನೀರು ನೊರೆಯಿಲ್ಲದೆ ಸೋರಬೇಕು. ನೆಲದ ಮೇಲೆ ಬಿದ್ದದ್ದು ಸಣ್ಣ ಸಣ್ಣ ಗುಳ್ಳೆಯಾಗಿ ನಿಂತಿತು. ಟ್ಯಾಂಕನ್ನು ಬೆನ್ನಿನಿಂದ ಇಳಿಸಿ, ಮುಚ್ಚಳ ತಿರುಗಿಸಿ, ಒಳಗೆ ಮೂಗಿಟ್ಟೆ. ಮೊದಲು ಬಟ್ಟೆ ಸೋಪಿನ ವಾಸನೆ. ಅದರ ಹಿಂದಿನಿಂದ ಇನ್ನೊಂದು ಬಂತು. ಹತ್ತಿ ಬೆಳೆಯುವ ಊರಿನಲ್ಲಿ ಹುಟ್ಟಿದವರಿಗೆ ಆ ವಾಸನೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಮೈದುನನಿಗೆ ಫೋನು ಮಾಡಿದೆ. ಹೊಲ ನೋಡಿಕೊಳ್ಳುವವನು ಅವನೇ. ಫೋನು ಎತ್ತಿದ್ದು ಅತ್ತೆ.

“ಅವ ಹೊಲಕ್ಕ ಹೋಗ್ಯಾನ. ಫೋನ್ ಚಾರ್ಜಿಗೆ ಇಟ್ಟಾನವಾ.”

“ಅತ್ತಿ, ನಿನ್ನೆ ನನ್ನ ಟ್ಯಾಂಕ್ ಯಾರರ ಮುಟ್ಟಿದ್ರೇನ್ರಿ?”

“ಒಯ್ದಿದ್ದ. ಅವನ ಪಂಪಿನ ಬ್ಯಾಟರಿ ಕೈ ಕೊಟ್ಟಿತ್ತು. ಅಗದಿ ಚಲೋ ತೊಳದಾನ, ಸೋಪಿನ ಪುಡಿ ಹಾಕಿ ತೊಳದು ಬಿಸಲಾಗ ಇಟ್ಟಿದ್ದ. ನಾನ ನೋಡೀನಿ.”

“ಏನ್ ಹೊಡದಾನ್ರಿ?”

“ಮೆಣಸಿನ ಗಿಡಕ್ಕ ಎಣ್ಣಿ. ಯಾವ ಎಣ್ಣಿ ಅನ್ನೂದು ನನಗೇನ್ ಗೊತ್ತವಾ? ಯಾಕ, ಏನಾತು?”

ನಾನು ಫೋನಿಟ್ಟೆ. ಡ್ರಮ್ಮಿನ ಮೇಲಿನ ಪಂಜ ತೊಯ್ದು ತೊಪ್ಪೆಯಾಗಿ ನಡುವೆ ಜೋತು ನೀರಿಗೆ ತಾಗಿತ್ತು.

ಆಗ ತಲೆಯಲ್ಲಿ ಏನೇನು ಬಂದವು ಎಂಬುದನ್ನು ಮುಚ್ಚಿಡುವುದಿಲ್ಲ. ಹಿತ್ತಲಲ್ಲಿ ನನ್ನನ್ನು ಬಿಟ್ಟರೆ ಯಾರೂ ಇರಲಿಲ್ಲ. ಕಾಲು ಜಾರಿದಂತೆ ಮಾಡಿ ಡ್ರಮ್ಮನ್ನು ಉರುಳಿಸಿಬಿಟ್ಟರೆ ನೀರು ಮಣ್ಣಿಗೆ ಹೋಗುತ್ತದೆ, ಗಾಜಿನ ಮೇಲಿನದು ಬಿಸಿಲಿಗೆ ಒಣಗುತ್ತದೆ, ತಪ್ಪಾಯಿತೆಂದು ಕೈಮುಗಿದು ಮನೆಗೆ ಹೋಗಬಹುದು. ಡ್ರಮ್ಮಿಗೆ ಕೈ ಹಚ್ಚಿಯೂ ಇದ್ದೆ. ಅಷ್ಟರಲ್ಲಿ ಅದರ ಹಿಂದಿನ ಕಟ್ಟೆಯ ಮೇಲೆ ಒಂದು ಸ್ಟೀಲಿನ ಲೋಟ ಕಂಡಿತು. ಒಳಗೆ ಇನ್ನೂ ಹನಿ ಇತ್ತು.

ಅಡುಗೆಮನೆಗೆ ಓಡಿದೆ. “ಅಕ್ಕಾರ, ಡ್ರಮ್ಮಿನ ನೀರ ಕುಡದೀರೇನ್ರಿ?”

“ಈಗ ಕುಡದ್ನೆಲ್ಲ, ನೀ ಮ್ಯಾಲ ನೋಡಕೋಂತ ತೊಳ್ಯಾಕತ್ತಿದ್ದಿ. ಶ್ರಾವಣ ಸೋಮಾರ ಐತಿ, ಉಪಾಸ. ನನಗ ನೀರ ಊಟ,” ಎಂದರು ಅವರು, ಸಾರು ತಿರುವುತ್ತ.

“ಒಲಿ ಆರಸ್ರಿ. ಯಾರಿಗೂ ಏನೂ ಕೊಡಬ್ಯಾಡ್ರಿ,” ಎಂದೆ.

ಹಾಸ್ಟೆಲಿನ ಮೇಲ್ವಿಚಾರಕಿ ಅಣ್ಣಿಗೇರಿ ಕಡೆಯವರು, ವಯಸ್ಸಿನಲ್ಲಿ ಚಿಕ್ಕವರು, ಬಂದು ಇನ್ನೂ ಹೆಚ್ಚು ದಿನ ಆಗಿರಲಿಲ್ಲ. ಅವರ ಕೋಣೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ಹೇಳಿದೆ. ಟ್ಯಾಂಕಿನಲ್ಲಿ ನಿನ್ನೆ ಎಣ್ಣಿ ಇತ್ತು, ನನಗೆ ಗೊತ್ತಿರಲಿಲ್ಲ, ಆ ನೀರು ಡ್ರಮ್ಮಿಗೆ ಬಿದ್ದಿದೆ, ಅಡುಗೆಯ ಅಕ್ಕ ಕುಡಿದಿದ್ದಾರೆ. ಮೇಲ್ವಿಚಾರಕಿ ಕುರ್ಚಿ ಬಿಟ್ಟು ಎದ್ದರು. ಬೈಯುತ್ತಾರೆಂದು ಕಾದೆ.

“ಹುಡಿಗ್ಯಾರು ಯಾರರ ಕುಡದಾರೇನು?” ಎಂದರು.

ಹುಡುಗಿಯರು ಇನ್ನೂ ಶಾಲೆಯಲ್ಲೇ ಇದ್ದರು. ಅವರು ಕುಡಿಯುವ ನೀರಿನ ಫಿಲ್ಟರು ಮುಂದಿನ ಪಡಸಾಲೆಯಲ್ಲಿತ್ತು, ಅತ್ತ ನಾನು ಇನ್ನೂ ಹೋಗಿರಲಿಲ್ಲ. ಅನ್ನಕ್ಕೂ ಸಾರಿಗೂ ನೀರು ಹಾಕಿದ್ದು ನಾನು ಬರುವ ಮೊದಲೇ ಎಂದು ಅಡುಗೆಯ ಅಕ್ಕ ಆಣೆ ಮಾಡಿದರು. ಆದರೂ ಮೇಲ್ವಿಚಾರಕಿ ಒಪ್ಪಲಿಲ್ಲ. ಅಡುಗೆಮನೆಯ ಕಿಟಕಿಗಳು ತೆರೆದಿದ್ದವು, ಯಾವ ಹನಿ ಎಲ್ಲಿ ಸಿಡಿದಿತ್ತೋ. ಅನ್ನ, ಸಾರು ಎಲ್ಲವನ್ನೂ ತಿಪ್ಪೆಯ ಗುಂಡಿಗೆ ಸುರಿಸಿ ಮಣ್ಣು ಮುಚ್ಚಿಸಿದರು. ಊರೊಳಗಿನ ಅಂಗಡಿಯಿಂದ ಚುರಮರಿ, ಶೇಂಗಾ, ಬಾಳೆಹಣ್ಣು ತರಿಸಿದರು. ಅಷ್ಟೊಂದು ಅನ್ನ ಹಬೆಯಾಡುತ್ತಲೇ ಗುಂಡಿಗೆ ಬಿತ್ತು.

ಯಜಮಾನರಿಗೆ ಫೋನು ಮಾಡಿ, “ಹೊಲಕ್ಕ ಹೋಗ್ರಿ, ನಿಮ್ಮ ತಮ್ಮನ ಹಂತೇಕ ಎಣ್ಣಿ ಬಾಟ್ಲಿ ಇಸಗೊಂಡು ಬರ್ರಿ,” ಎಂದೆ. ಅವರು ಏಕೆ ಎಂದು ಕೇಳುವಷ್ಟರಲ್ಲಿ ಹಿಂದಿನಿಂದ ಅಡುಗೆಯ ಅಕ್ಕನ ದನಿ ಬಂತು.

“ತಂಗಿ, ತಲಿ ಗಿರ್ ಅನ್ನಾಕತ್ತೈತಿ ನೋಡು.”

ಅವರು ಹೊಸ್ತಿಲ ಮೇಲೆ ಕೂತುಬಿಟ್ಟಿದ್ದರು. ಹಣೆಯ ಮೇಲೆ ಬೆವರು ಕಟ್ಟಿತ್ತು.

ಮೇಲ್ವಿಚಾರಕಿ ಹುಡುಗಿಯರನ್ನು ಬಿಟ್ಟು ಬರುವಂತಿರಲಿಲ್ಲ. ಅವರು ಕರೆಸಿದ ಆಟೋದಲ್ಲಿ ನಾನು ಅಕ್ಕನನ್ನು ಕೂರಿಸಿಕೊಂಡು, ಬಾಟಲಿಯನ್ನು ಕುಂದಗೋಳದ ದವಾಖಾನೆಗೇ ತರಲು ಯಜಮಾನರಿಗೆ ಹೇಳಿ ಅತ್ತ ಹೊರಟೆ. ಮಳೆಗೆ ಕಿತ್ತುಹೋದ ರಸ್ತೆ. ಆಟೋ ಕುಣಿದಾಗಲೆಲ್ಲ ಅವರ ತಲೆ ನನ್ನ ಭುಜಕ್ಕೆ ಬಡಿಯುತ್ತಿತ್ತು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಬಾಯಲ್ಲಿ ಜೊಲ್ಲು ಬರುತ್ತಿದೆಯೇ, ಕಣ್ಣು ಮಂಜಾಗಿದೆಯೇ, ಉಸಿರು ಸರಿಯಾಗಿದೆಯೇ. ಹಳ್ಳಿಯಲ್ಲಿ ಇಂಥ ಸಾವುಗಳ ಬಗ್ಗೆ ಕೇಳಿದ ಮಾತುಗಳೆಲ್ಲ ಒಂದರ ಹಿಂದೆ ಒಂದು ನೆನಪಾದವು.

“ಅಕ್ಕಾರ, ಹೊಟ್ಟಿ ನುಲಿಯಾಕತ್ತೈತೇನ್ರಿ? ಕಣ್ಣ ಕಾಣತಾವೇನ್ರಿ?”

“ಕಾಣತಾವ.”

“ಕೈ ನಡಗಾಕತ್ತಾವೇನ್ರಿ?”

“ಹಿಂಗ ಕೇಳಕೋಂತ ನಡದಿ ಅಂದ್ರ ಎಣ್ಣಿಗಿಂತ ಮದ್ಲ ನೀನ ನನ್ನ ಕೊಲ್ತಿ,” ಎಂದರು ಅಕ್ಕ. “ನಡಗಾಕತ್ತಿದ್ದು ನಿನ್ನ ಕೈ. ನನ್ನ ಕೈ ಬಿಡು.”

ನೋಡಿದೆ. ನಾನು ಅವರ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ ಬಳೆಗಳ ಗುರುತು ಮೂಡಿತ್ತು.

ದವಾಖಾನೆಯಲ್ಲಿ ನರ್ಸಮ್ಮನಿಗೆ, “ಎಣ್ಣಿ ನೀರ ಕುಡದಾರ್ರಿ,” ಎಂದು ಒದರಿದೆ. ಹಾಗೆ ಹೇಳಬಾರದಿತ್ತು. ನಮ್ಮ ಕಡೆ ಎಣ್ಣಿ ಕುಡಿದಳು ಅಂದರೆ ಅದಕ್ಕೆ ಒಂದೇ ಅರ್ಥ, ಸಾಯಲು ಕುಡಿದಳು ಎಂದು. ಸಾಲಿನಲ್ಲಿ ನಿಂತವರೆಲ್ಲ ಹೊರಳಿ ನೋಡಿದರು. ಒಬ್ಬ ಮುದುಕಿ ನನ್ನ ಹತ್ತಿರ ಬಂದು ಸಣ್ಣ ದನಿಯಲ್ಲಿ, “ಯಾಕವಾ, ಮನ್ಯಾಗ ಜಗಳ ಏನು?” ಎಂದು ಕೇಳಿದಳು. ಇನ್ನೊಬ್ಬಳು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, “ಇಕಿನ ಸೊಸಿ ಇರಬೇಕು,” ಎಂದಳು.

ಮಂಚದ ಮೇಲೆ ಮಲಗಿದ್ದ ಅಕ್ಕ ಅಲ್ಲಿಂದಲೇ ಗದರಿದರು. “ನನಗ ಸೊಸಿನೂ ಇಲ್ಲ, ಕುಡ್ಯಾಕ ಹುಚ್ಚೂ ಹಿಡದಿಲ್ಲ. ಕಿಟಕಿ ತೊಳದ ನೀರ ಕುಡದೀನಿ. ಹೋಗ್ರಿ ನಿಮ್ಮ ಕೆಲಸಕ್ಕ.”

ಡಾಕ್ಟರು ಹೆಣ್ಣುಮಗಳು. ಬ್ಯಾಟರಿ ಹಾಕಿ ಅಕ್ಕನ ಕಣ್ಣು ನೋಡಿದರು, ನಾಡಿ ಹಿಡಿದರು, ಬಿಪಿ ನೋಡಿದರು, ಸಲೈನ್ ಹಚ್ಚಿಸಿದರು. ನನ್ನನ್ನು ಬದಿಗೆ ಕರೆದು ಯಾವ ಔಷಧಿ ಎಂದು ಕೇಳಿದರು.

“ಗೊತ್ತಿಲ್ರಿ. ಮೆಣಸಿನ ಗಿಡಕ್ಕ ಹೊಡ್ಯೂದು.”

“ಅದಕ್ಕ ಹೊಡ್ಯೂವು ಭಾಳ ಅದಾವ. ಬಾಟ್ಲಿ ಬೇಕು. ಹೆಸರು ಗೊತ್ತಾಗದ ನಾವು ಏನ್ ಕೊಡೂದು?”

ಬಾಗಿಲ ಬಳಿಯ ಬೆಂಚಿನ ಮೇಲೆ ಕೂತೆ. ಫೋನು ಮಾಡಿದರೆ ಯಜಮಾನರದು ಹತ್ತುತ್ತಿರಲಿಲ್ಲ. ಹೊಲದ ದಾರಿ ಮಳೆಗೆ ಹೂತುಹೋಗಿದ್ದರೆ, ಗಾಡಿ ಸಿಕ್ಕಿಬಿದ್ದಿದ್ದರೆ, ಬಾಟಲಿಯನ್ನು ಅವನು ಹಳ್ಳಕ್ಕೆ ಎಸೆದಿದ್ದರೆ ಎಂದು ಒಂದೊಂದಾಗಿ ಯೋಚಿಸಿದೆ. ಎಣ್ಣಿ ಕೇಸು ಅಂದರೆ ಪೊಲೀಸರಿಗೆ ತಿಳಿಸಬೇಕಾಗುತ್ತದೆ ಎಂದು ನರ್ಸಮ್ಮ ಹೇಳಿಹೋದರು. ನನಗೆ ಪೊಲೀಸರ ಭಯಕ್ಕಿಂತ ಆ ಪರದೆಯ ಹಿಂದೆ ಏನೂ ಸದ್ದು ಬರುತ್ತಿಲ್ಲವಲ್ಲ ಎಂಬ ಭಯ ಹೆಚ್ಚಾಗಿತ್ತು. ಎದ್ದು ಪರದೆ ಸರಿಸಿ ನೋಡಿದೆ. ಅಕ್ಕ ಕಣ್ಣು ಮುಚ್ಚಿ ಮಲಗಿದ್ದರು. ಎದೆ ಏರಿಳಿಯುತ್ತಿತ್ತು. ಮತ್ತೆ ಬಂದು ಕೂತೆ. ಮತ್ತೆ ಎದ್ದೆ. ಆಮೇಲೆ ನನ್ನ ಮುಖಕ್ಕೂ ಆ ತುಂತುರು ಸಿಡಿದದ್ದು ನೆನಪಾಗಿ ತುಟಿ ಉರಿಯತೊಡಗಿತು. ನಳದ ಕೆಳಗೆ ತಲೆ ಒಡ್ಡಿ ಸೋಪು ಹಚ್ಚಿ ತೊಳೆದೆ. ಉರಿ ನಿಜವಾದದ್ದೋ ನನ್ನ ಮನಸ್ಸಿನದೋ ಇವತ್ತಿಗೂ ಹೇಳಲಾರೆ.

ಕೊನೆಗೆ ಮೈದುನನೇ ಬಂದ. ಮೊಣಕಾಲತನಕ ಎರಿ ಮಣ್ಣು ಮೆತ್ತಿತ್ತು. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಬಾಟಲಿಯನ್ನು ಎದೆಗೆ ಅವಚಿಕೊಂಡಿದ್ದ. ಹಿಂದೆ ಯಜಮಾನರು. ಅವನು ಅತ್ತಿಗೆಯಾದ ನನ್ನ ಮುಖ ನೋಡಲಿಲ್ಲ. ನೇರ ಡಾಕ್ಟರ ಮುಂದೆ ಹೋಗಿ, “ಇದ್ರಿ. ನಾನ ಒಯ್ದಿದ್ದೆ. ವೈನಿಗೆ ಗೊತ್ತಿರಲಿಲ್ಲ,” ಎಂದ. ಆಮೇಲೆ ಬಂದ ಪೊಲೀಸನ ಮುಂದೆಯೂ ಅಷ್ಟನ್ನೇ ಹೇಳಿದ.

ಡಾಕ್ಟರು ಬಾಟಲಿಯ ಮೇಲಿನದನ್ನು ಓದಿದರು, ಫೋನಿನಲ್ಲಿ ಯಾರನ್ನೋ ಕೇಳಿದರು, ಅಕ್ಕನನ್ನು ಇನ್ನೊಮ್ಮೆ ನೋಡಿದರು. ಅದು ಅತಿ ಕಡು ಜಾತಿಯ ವಿಷವಲ್ಲ, ತೊಳೆದ ಟ್ಯಾಂಕಿನಲ್ಲಿ ಉಳಿದದ್ದು ಸ್ವಲ್ಪ, ಡ್ರಮ್ಮಿಗೆ ಬಿದ್ದದ್ದು ಅದರಲ್ಲೂ ಸ್ವಲ್ಪ ಎಂದರು. ಬಿಪಿ ಇಳಿದಿತ್ತು. ಬೆಳಗಿನಿಂದ ಹೊಟ್ಟೆಗಿಲ್ಲ, ಒಲೆಯ ಮುಂದೆ ನಿಂತ ಮೈ, ಮೇಲೆ ಹೆದರಿಕೆ.

“ಹಂಗಾದ್ರ ತಲಿ ತಿರಗಿದ್ದು ಉಪಾಸದಿಂದ ಏನ್ರಿ?” ಎಂದು ಕೇಳಿದೆ.

“ಉಪಾಸ ಇರಬಹುದು. ನೀರು ಇರಬಹುದು. ಖಾತ್ರಿ ಹೇಳಾಕ ಬರೂದಿಲ್ಲ,” ಎಂದರು. “ಸಂಜಿತನಕ ಇಲ್ಲೇ ಇರಲಿ, ನೋಡೂಣು.”

ಸಂಜೆಗೆ ಅಕ್ಕ ಎದ್ದು ಕೂತರು. ಮೊದಲು ಕೇಳಿದ್ದು, “ಸಲೈನ್ ಹಚ್ಚೀರಲ್ಲ, ಉಪಾಸ ಕೆಟ್ಟಂಗೇನ್ರಿ?” ಎಂದು. ಡಾಕ್ಟರು ನಕ್ಕರು. ನಾನು ನಗಲು ಹೋಗಿ ಅತ್ತುಬಿಟ್ಟೆ.

ಹಾಸ್ಟೆಲಿನ ಊರಲ್ಲೇ ಅವರ ಮನೆ. ಅವರನ್ನು ಅಲ್ಲಿ ಬಿಟ್ಟು, ಹಾಸ್ಟೆಲಿನಲ್ಲಿ ಉಳಿದಿದ್ದ ಟ್ಯಾಂಕು, ಕ್ಯಾನುಗಳನ್ನು ಗಾಡಿಗೆ ಹೇರಿಕೊಂಡು ಯರಗುಪ್ಪಿಗೆ ಹೊರಟೆವು. ಮೈದುನ ಹಿಂದೆ ಖಾಲಿ ಕ್ಯಾನುಗಳ ನಡುವೆ ಕೂತಿದ್ದ. ಊರು ಹತ್ತಿರ ಬಂದಾಗ ಕಿಂಡಿಯ ಹತ್ತಿರ ಮುಖ ತಂದು, “ತೊಳದಿದ್ನೆಲ್ಲ ವೈನಿ. ಎರಡ ಸರ್ತಿ ತೊಳದಿದ್ದೆ,” ಎಂದ.

“ತೊಳದಿದ್ದಿ. ಹೇಳಿರಲಿಲ್ಲ.”

ಅವನು ಕಿಂಡಿಯಿಂದ ಮುಖ ತೆಗೆದ. ಮನೆಯಲ್ಲಿ ಅತ್ತೆ ಅವನಿಗೂ ನನಗೂ ಒಂದೇ ತಾಟಿನಲ್ಲಿ ಎಂಬಂತೆ ಸಮಾಧಾನ ಬಡಿಸಲು ನೋಡಿದರು. ನನಗೆ ಸಮಾಧಾನ ಬೇಕಿರಲಿಲ್ಲ. ಟ್ಯಾಂಕನ್ನು ಅವನ ಕೋಣೆಯ ಮುಂದೆ ಇಟ್ಟು, ಇನ್ನು ಇದು ನಿನ್ನದು ಎಂದೆ. ಪೈಪು, ಬ್ರಷ್ಷುಗಳನ್ನು ಕಿತ್ತು ಸುಟ್ಟೆ.

ಸುದ್ದಿ ನಮಗಿಂತ ಮೊದಲೇ ಊರೂರು ತಿರುಗಿತ್ತು. ಎಣ್ಣಿ ನೀರಿನಲ್ಲಿ ಕಿಟಕಿ ತೊಳೆಯುತ್ತಾಳೆ ಎಂದು. ಒಂದು ಶಾಲೆಯವರು ಸದ್ಯಕ್ಕೆ ಬೇಡ ಎಂದರು. ಅಂಗಡಿಯವರೊಬ್ಬರು ಫೋನು ಎತ್ತುವುದನ್ನೇ ಬಿಟ್ಟರು. ಹೊಸ ಟ್ಯಾಂಕು ತರಿಸಿಕೊಂಡೆ, ಬೇಕೆಂದೇ ಬಿಳಿಯದು. ಅದನ್ನು ನನ್ನ ಕೋಣೆಯ ಮಂಚದ ಕೆಳಗೆ ಇಟ್ಟು ಮುಚ್ಚಳಕ್ಕೆ ಸಣ್ಣ ಕೀಲಿ ಹಾಕಿಸಿದೆ. ಆದರೂ ತೆಗೆದಾಗಲೆಲ್ಲ ಮೂಸುತ್ತೇನೆ. ನೀರು ತುಂಬಿಸಿ, ಅಲ್ಲಾಡಿಸಿ, ನೆಲಕ್ಕೆ ಸುರಿದು ಗುಳ್ಳೆ ನಿಲ್ಲುತ್ತದೆಯೇ ಎಂದು ಬಗ್ಗಿ ನೋಡುತ್ತೇನೆ. ಯಜಮಾನರು ಮೊದಮೊದಲು ನಗುತ್ತಿದ್ದರು, ಈಗ ಸುಮ್ಮನೆ ಗಾಡಿಯಲ್ಲಿ ಕಾಯುತ್ತಾರೆ.

ಮೇಲ್ವಿಚಾರಕಿಯೇ ಫೋನು ಮಾಡಿದರು. “ಅರ್ಧಾ ತೊಳದು ಹೋಗೀರಲ್ಲ. ಉಳದದ್ದು ಯಾವಾಗ?” ಎಂದರು. ನನಗೆ ನಂಬಲಾಗಲಿಲ್ಲ.

“ನನ್ನ ಕರಿಯಾಕ ನಿಮಗ ಅಂಜಿಕಿ ಇಲ್ಲೇನ್ರಿ?”

“ಐತಿ. ಅದಕ್ಕ ನಾ ಬಾಜೂಕ ನಿಂತ ನೋಡ್ತೇನಿ. ಆದ್ರ ನೀವು ಅವತ್ತ ಹೇಳದ ಹೋಗಿದ್ರ ಇನ್ನೂ ಅಂಜಿಕಿ ಇರತಿತ್ತು.”

ಹೋದೆ. ಅವರು ಹೇಳಿದಂತೆ ಬಿಸಿಲಲ್ಲಿ ಬಾಜುವಿಗೆ ನಿಂತೇ ಇದ್ದರು. ಅಡುಗೆಮನೆಯ ಹಿಂದೆ ಒಂದು ಚಮಚವೂ ಹೊರಗಿರಲಿಲ್ಲ, ಡ್ರಮ್ಮನ್ನು ಯಾರೋ ಒಳಗೆ ಸಾಗಿಸಿದ್ದರು. ಪ್ರತಿ ಕಿಟಕಿಗೂ ಬ್ರಷ್ಷನ್ನು ಕೆಳಗಿಳಿಸಿ ನೋಡಿದೆ. ಕೆಲಸ ಮುಗಿಯುವ ಹೊತ್ತಿಗೆ ಹುಡುಗಿಯರು ಊಟಕ್ಕೆ ಬಂದು ಸಾಲಾಗಿ ಕೂತಿದ್ದರು. ಅಡುಗೆಯ ಅಕ್ಕ ನನ್ನನ್ನು ತೋಳು ಹಿಡಿದು ಒಳಗೆ ಕರೆದೊಯ್ದು ಸಾಲಿನ ಕೊನೆಗೆ ಕೂರಿಸಿ ಅನ್ನ, ಸಾರು ಹಾಕಿದರು.

ತುತ್ತು ಕಲಸಿದೆ. ಬಾಯಿಗೆ ಒಯ್ಯುವ ಮೊದಲು ನನಗೆ ತಿಳಿಯದೆಯೇ ಮೂಗಿನ ಹತ್ತಿರ ಹಿಡಿದೆ. ಅಕ್ಕ ಸೌಟು ಹಿಡಿದು ಎದುರಿಗೇ ನಿಂತಿದ್ದರು, ನೋಡಿಬಿಟ್ಟರು.

“ಉಣ್ಣು,” ಎಂದರು. “ಮೂಸೂದು ನಿನ್ನ ನೀರು, ನನ್ನ ಸಾರಲ್ಲ.”

ಬಾಜುವಿನ ಹುಡುಗಿ ಕಿಸಕ್ಕನೆ ನಕ್ಕಳು. ನಾನು ತುತ್ತನ್ನು ಬಾಯಿಗಿಟ್ಟುಕೊಂಡೆ. ಸಾರಿಗೆ ಉಪ್ಪು ತುಸು ಹೆಚ್ಚಾಗಿತ್ತು.